ಪಹಣಿ ಯಾರ ಕೈಯಲ್ಲಿ? ಕರ್ನಾಟಕದ ‘ಭೂಮಿ’ ಯೋಜನೆಯ ಪ್ರಕರಣ ಅಧ್ಯಯನ

ಕರ್ನಾಟಕದ ರೈತರಿಗೆ ಪದೇ ಪದೇ ಬೇಕಾಗುವ ಸರ್ಕಾರಿ ಕಾಗದ ಎಂದರೆ ಪಹಣಿ. ಸೊಸೈಟಿಯಲ್ಲಿ ಬೆಳೆ ಸಾಲ ತೆಗೆಯಲು ಪಹಣಿ ಬೇಕು. ಬೆಳೆ ವಿಮೆಗೆ, ಬರ ಪರಿಹಾರಕ್ಕೆ, ಕೋರ್ಟಿನಲ್ಲಿ ಯಾರಿಗಾದರೂ ಜಾಮೀನು ನಿಲ್ಲಲು, ಜಮೀನು ಮಾರಲು, ಕೊಳ್ಳಲು, ಅಣ್ಣ ತಮ್ಮಂದಿರು ಪಾಲು ಮಾಡಿಕೊಳ್ಳಲು ಎಲ್ಲದಕ್ಕೂ ಅದೇ ಬೇಕು. ಹೀಗಾಗಿ ಪಹಣಿ ಪುಸ್ತಕ ಯಾರ ಬಳಿ ಇರುತ್ತದೋ ಊರಿನ ಅರ್ಧ ವ್ಯವಹಾರ ಅವರ ಬಳಿ ಇದ್ದಂತೆ.

1999ರಿಂದ 2002ರ ನಡುವೆ ಆ ಪುಸ್ತಕ ಕೈ ಬದಲಾಯಿಸಿತು. ಸುಮಾರು 9000 ಗ್ರಾಮ ಲೆಕ್ಕಿಗರ ಬಳಿ ಇದ್ದ ಕೈಬರಹದ ದಾಖಲೆಗಳು 177 ತಾಲೂಕು ಕಚೇರಿಗಳ ಕಂಪ್ಯೂಟರಿಗೆ ಬಂದವು. ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರು. ‘ಭೂಮಿ’ ಎಂದು ಹೆಸರಿಟ್ಟ ಈ ಯೋಜನೆಯನ್ನು ಬೇರೆ ರಾಜ್ಯಗಳ ಅಧಿಕಾರಿಗಳು ಬಂದು ನೋಡಿಕೊಂಡು ಹೋದರು. ಇದನ್ನು ಸಾಮಾನ್ಯವಾಗಿ ಕಂಪ್ಯೂಟರಿನ ಗೆಲುವು ಎಂದು ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಕಂಪ್ಯೂಟರ್ ಅದಕ್ಕೂ ಎಂಟು ವರ್ಷ ಮೊದಲೇ ಬಂದಿತ್ತು. ಆಗ ರೈತರಿಗೆ ಏನೂ ಸಿಕ್ಕಿರಲಿಲ್ಲ. ಯಾವ ಕೆಲಸ ಯಾವ ಕಚೇರಿಯಲ್ಲಿ, ಯಾರ ಜವಾಬ್ದಾರಿಯಲ್ಲಿ, ಯಾವ ಸರದಿಯಲ್ಲಿ ಆಗಬೇಕು ಎಂಬುದನ್ನು ಬದಲಾಯಿಸಿದ ಮೇಲೆಯೇ ಫಲ ಸಿಕ್ಕಿತು. ಅದನ್ನು ಬದಲಾಯಿಸದೆ ಬಿಟ್ಟ ಕಡೆಗಳಲ್ಲಿ ಜನ ಇವತ್ತಿಗೂ ಅಲೆಯುತ್ತಿದ್ದಾರೆ. ಈ ಎರಡನ್ನೂ ಒಟ್ಟಿಗೆ ನೋಡಿದರೆ ನಮ್ಮ ಸರ್ಕಾರಿ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದು ಚೆನ್ನಾಗಿ ತಿಳಿಯುತ್ತದೆ.

ಹಾಳೆಯಲ್ಲಿ ಏನಿದೆ

ಪಹಣಿಯನ್ನು ಆರ್‌ಟಿಸಿ ಎಂದೂ ಕರೆಯುತ್ತೇವೆ. ಕಂದಾಯ ಇಲಾಖೆಯ ಲೆಕ್ಕದಲ್ಲಿ ಅದು ನಮೂನೆ 16. ಮೊದಲ ಕಾಲಂಗಳಲ್ಲಿ ಸರ್ವೆ ನಂಬರು, ಹಿಸ್ಸಾ (ಅದರೊಳಗಿನ ಪಾಲಿನ) ನಂಬರು, ವಿಸ್ತೀರ್ಣ ಇರುತ್ತವೆ. ವಿಸ್ತೀರ್ಣ ಎಕರೆ ಗುಂಟೆಯಲ್ಲಿ. ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟಿದೆ ಎಂಬುದೂ ಅಲ್ಲೇ. ಕಾಲಂ 9ರಲ್ಲಿ ಮಾಲೀಕರ ಹೆಸರು. ಕಾಲಂ 10ರಲ್ಲಿ ಆ ಹಕ್ಕು ಹೇಗೆ ಬಂತು ಎಂಬ ವಿವರ, ಅಂದರೆ ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರು. ಕಾಲಂ 11ರಲ್ಲಿ ಸಾಲ, ಅಡಮಾನ ಮತ್ತು ಬೇರೆ ಹಕ್ಕುಗಳು. ಕಾಲಂ 12ರಲ್ಲಿ ಜಮೀನು ಉಳುವವರು ಯಾರು ಎಂಬುದು. ಮುಂದೆ ಬೆಳೆಗಳ ವಿವರ.

ಕಾಲಂ 12ರ ತೂಕ ಏನೆಂದು ಹಳಬರಿಗೆ ಗೊತ್ತು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಜಾರಿಗೆ ಬಂದಾಗ ಗೇಣಿದಾರರು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ನಾನೇ ಉಳುತ್ತಿದ್ದೆ ಎಂದು ತೋರಿಸಲು ಇದ್ದ ದೊಡ್ಡ ಆಧಾರಗಳಲ್ಲಿ ಪಹಣಿಯ ಈ ಕಾಲಂ ಒಂದು. ಅಲ್ಲಿ ಹೆಸರು ಇದ್ದವರ ದಾರಿ ಸುಲಭವಾಯಿತು. ಇಲ್ಲದವರು ಸಾಕ್ಷಿ ಹುಡುಕಿಕೊಂಡು ಓಡಾಡಿದರು. ಒಂದು ಸಾಲಿನ ಬರಹ ಒಂದು ಮನೆತನದ ಭವಿಷ್ಯವನ್ನೇ ಬದಲಿಸುತ್ತಿತ್ತು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪಹಣಿ ಮಾಲೀಕತ್ವದ ಕೊನೆಯ ಪುರಾವೆ ಅಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ಸುಳ್ಳು ಎಂದು ಸಾಬೀತಾಗುವವರೆಗೆ ಅಲ್ಲಿರುವುದನ್ನು ನಿಜ ಎಂದು ಭಾವಿಸಬೇಕು, ಅಷ್ಟೇ. ಹಕ್ಕು ಯಾರದು ಎಂದು ಕಡೆಗೆ ತೀರ್ಮಾನಿಸುವುದು ಸಿವಿಲ್ ಕೋರ್ಟು. ಆದರೆ ಎಷ್ಟು ಜನ ಸಿವಿಲ್ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಕಾಯುತ್ತಾರೆ? ದಿನನಿತ್ಯದ ಬದುಕಿನಲ್ಲಿ ಪಹಣಿಯಲ್ಲಿ ಹೆಸರಿದ್ದವರೇ ಮಾಲೀಕರು.

ಏಣಿಯ ಕೆಳಗಿನ ಮೆಟ್ಟಿಲು

ಕಂದಾಯ ಇಲಾಖೆ ನಮ್ಮ ರಾಜ್ಯದ ಹಳೆಯ ಇಲಾಖೆಗಳಲ್ಲಿ ಒಂದು. ಮೇಲೆ ವಿಧಾನಸೌಧದಲ್ಲಿ ಮಂತ್ರಿ, ಕಾರ್ಯದರ್ಶಿ. ಕೆಳಗೆ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ವಿಭಾಗಗಳು. ಜಿಲ್ಲೆಗೆ ಜಿಲ್ಲಾಧಿಕಾರಿ, ಅಂದರೆ ಡಿಸಿ. ಉಪವಿಭಾಗಕ್ಕೆ ಉಪವಿಭಾಗಾಧಿಕಾರಿ, ಅಂದರೆ ಎಸಿ. ತಾಲೂಕಿಗೆ ತಹಶೀಲ್ದಾರ್, ಅವರ ಕೈಕೆಳಗೆ ಶಿರಸ್ತೇದಾರರು. ಹೋಬಳಿಗೆ ನಾಡಕಚೇರಿಯ ಉಪತಹಶೀಲ್ದಾರ್ ಮತ್ತು ರೆವಿನ್ಯೂ ಇನ್‌ಸ್ಪೆಕ್ಟರ್. ಎಲ್ಲಕ್ಕಿಂತ ಕೆಳಗೆ, ಮೂರು ನಾಲ್ಕು ಊರುಗಳ ಸರ್ಕಲ್‌ಗೆ ಒಬ್ಬ ಗ್ರಾಮ ಲೆಕ್ಕಿಗ. ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ.

ಗ್ರಾಮ ಲೆಕ್ಕಿಗರಿಗೂ ಮೊದಲು ಆ ಜಾಗದಲ್ಲಿ ಶಾನುಭೋಗರು ಇದ್ದರು. ವಂಶಪಾರಂಪರ್ಯದ ಕೆಲಸ. ಅಪ್ಪನ ಲೆಕ್ಕದ ಪುಸ್ತಕ ಮಗನಿಗೆ ಬರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಪಟೇಲ, ಶಾನುಭೋಗ ಹುದ್ದೆಗಳನ್ನು ತೆಗೆಯಿತು. ಸಂಬಳದ ಸರ್ಕಾರಿ ನೌಕರರು ಬಂದರು. ಇದು ನಿಜಕ್ಕೂ ದೊಡ್ಡ ಬದಲಾವಣೆ. ಆದರೆ ಒಂದು ಮಾತ್ರ ಹಾಗೇ ಉಳಿಯಿತು. ದಾಖಲೆ ಒಬ್ಬ ವ್ಯಕ್ತಿಯ ಬಳಿಯೇ ಇತ್ತು, ಇನ್ನೊಬ್ಬರು ಅದನ್ನು ನೋಡುವ ದಾರಿ ಇರಲಿಲ್ಲ.

ಇದರ ಪರಿಣಾಮ ಊಹಿಸಬಹುದು. ಪಹಣಿ ಬೇಕಾದವರು ಮೊದಲು ಗ್ರಾಮ ಲೆಕ್ಕಿಗರನ್ನು ಹುಡುಕಬೇಕು. ಅವರು ಇವತ್ತು ಈ ಊರಲ್ಲಿ, ನಾಳೆ ಆ ಊರಲ್ಲಿ, ನಾಡಿದ್ದು ತಾಲೂಕಿನಲ್ಲಿ ಮೀಟಿಂಗ್. ಸಿಕ್ಕರೂ ‘ಪುಸ್ತಕ ಮನೆಯಲ್ಲಿದೆ’ ಎಂದರೆ ಮುಗಿಯಿತು. ಕಾಗದಕ್ಕೆ ಸರ್ಕಾರ ಇಟ್ಟಿದ್ದ ಶುಲ್ಕ ಕೆಲವೇ ರೂಪಾಯಿ. ಕೈಗೆ ಕೊಡಬೇಕಾದದ್ದು ನೂರರಿಂದ ಶುರುವಾಗಿ, ಕೆಲಸ ನೋಡಿಕೊಂಡು ಸಾವಿರ ದಾಟುತ್ತಿತ್ತು. ಹೆಸರು ಬದಲಾವಣೆಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಒಬ್ಬರ ಹೆಸರು ಅಳಿಸಿ ಇನ್ನೊಬ್ಬರದು ಬರೆದರೆ, ಸರ್ಕಾರಿ ಜಮೀನಿನ ಸಾಲಿನಲ್ಲಿ ಖಾಸಗಿ ಹೆಸರು ತುರುಕಿದರೆ, ತಹಶೀಲ್ದಾರರಿಗೂ ಬೇಗ ತಿಳಿಯುತ್ತಿರಲಿಲ್ಲ.

ಎಲ್ಲ ಗ್ರಾಮ ಲೆಕ್ಕಿಗರೂ ಕೆಟ್ಟವರು ಎಂದು ಹೇಳುತ್ತಿಲ್ಲ. ಅವರ ಮೇಲೆ ಇದ್ದ, ಈಗಲೂ ಇರುವ ಹೊರೆ ಸಣ್ಣದಲ್ಲ. ಚುನಾವಣೆ, ಜನಗಣತಿ, ಪಿಂಚಣಿ ಅರ್ಜಿಗಳ ತನಿಖೆ, ಪ್ರವಾಹ ಬಂದರೆ ಮನೆ ಹಾನಿ ಲೆಕ್ಕ, ಜಾತಿ ಆದಾಯ ಪ್ರಮಾಣಪತ್ರದ ವರದಿ ಎಲ್ಲವೂ ಅವರದೇ. ಯಾವ ಇಲಾಖೆಗೆ ಹಳ್ಳಿಯಲ್ಲಿ ಕೆಲಸ ಆಗಬೇಕಾದರೂ ಕಡೆಗೆ ಬಂದು ನಿಲ್ಲುವುದು ಇವರ ಮುಂದೆ. ಪ್ರಾಮಾಣಿಕವಾಗಿ ದುಡಿದವರು ಬೇಕಾದಷ್ಟು ಜನ ಇದ್ದರು. ತೊಂದರೆ ಇದ್ದದ್ದು ವ್ಯವಸ್ಥೆಯಲ್ಲಿ. ಒಬ್ಬರು ಒಳ್ಳೆಯವರಾಗಿದ್ದರೆ ಮಾತ್ರ ಕೆಲಸ ಆಗುತ್ತದೆ ಎನ್ನುವಂತೆ ಅದನ್ನು ಕಟ್ಟಲಾಗಿತ್ತು.

1991: ಕಂಪ್ಯೂಟರ್ ಬಂತು, ಪಹಣಿ ಬರಲಿಲ್ಲ

ಭೂದಾಖಲೆಗಳನ್ನು ಕಂಪ್ಯೂಟರಿಗೆ ತರುವ ಯೋಜನೆಗೆ ಕೇಂದ್ರ ಸರ್ಕಾರ 1980ರ ದಶಕದ ಕೊನೆಯಲ್ಲೇ ಹಣ ಕೊಡಲು ಶುರು ಮಾಡಿತ್ತು. ಕರ್ನಾಟಕದಲ್ಲಿ 1991ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ ಪ್ರಯೋಗ ನಡೆಯಿತು. ಆಗ ಆ ಜಿಲ್ಲೆಗೆ ಅದೇ ಹೆಸರು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತು. ಹಣ ಬಂತು, ಡೇಟಾ ಎಂಟ್ರಿ ನಡೆಯಿತು.

ಯೋಜನೆ ಅಲ್ಲಿಗೇ ನಿಂತಿತು. ಕಾರಣ ತುಂಬಾ ಸರಳ. ಕಂಪ್ಯೂಟರ್ ಕೂತಿದ್ದು ಜಿಲ್ಲಾ ಕೇಂದ್ರದಲ್ಲಿ. ಪಹಣಿ ಬದಲಾಗುತ್ತಿದ್ದುದು ತಾಲೂಕು ಮತ್ತು ಹಳ್ಳಿಯಲ್ಲಿ. ತಾಲೂಕು ಕಚೇರಿಗೆ ಕಂಪ್ಯೂಟರ್ ಕೊಡಲು ಯೋಜನೆಯಲ್ಲಿ ಅವಕಾಶವೇ ಇರಲಿಲ್ಲ. ಜಮೀನು ಮಾರಾಟ, ಪಾಲು, ಸಾಲ, ಸಾವು ದಿನವೂ ನಡೆಯುತ್ತವೆ. ಇವತ್ತು ಟೈಪ್ ಮಾಡಿದ ಮಾಹಿತಿ ಮುಂದಿನ ತಿಂಗಳಿಗೆ ಹಳತು. ಗ್ರಾಮ ಲೆಕ್ಕಿಗರ ಪುಸ್ತಕ ಪಕ್ಕದಲ್ಲೇ ಮುಂದುವರಿಯುತ್ತಿತ್ತು, ಕಾನೂನಿನ ಮಾನ್ಯತೆ ಇದ್ದದ್ದೂ ಅದಕ್ಕೇ. ಕಂಪ್ಯೂಟರಿನ ಪ್ರಿಂಟ್ ಯಾವ ಬ್ಯಾಂಕಿಗೂ ಬೇಕಿರಲಿಲ್ಲ.

ಈ ಸೋಲನ್ನು ಜಾಸ್ತಿ ಜನ ನೆನೆಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಬೀಗದಕೈ ಇಲ್ಲೇ ಇದೆ. ಹಣ ಕೊಟ್ಟವರು ದೆಹಲಿಯಲ್ಲಿದ್ದರು. ಯೋಜನೆಯ ಲೆಕ್ಕ ಕೊಡಬೇಕಾದದ್ದು ಜಿಲ್ಲೆ. ಕೆಲಸ ಆಗಬೇಕಾದದ್ದು ತಾಲೂಕಿನಲ್ಲಿ. ಎಷ್ಟು ಪಹಣಿ ಟೈಪ್ ಆಯಿತು ಎಂದು ಎಣಿಸುವುದು ಸುಲಭ. ರೈತರಿಗೆ ಅದು ತಲುಪಿತಾ ಎಂದು ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ.

ಏನನ್ನು ಬದಲಾಯಿಸಿದರು

ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಯೋಜನೆಗೆ ಮತ್ತೆ ಜೀವ ಬಂತು. ಮುಂದೆ ನಿಂತು ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಸಾಫ್ಟ್‌ವೇರ್ ಬರೆದದ್ದು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಯಾದ ಎನ್‌ಐಸಿ. ಮಂಡ್ಯ ಜಿಲ್ಲೆಯ ಮದ್ದೂರು ಮೊದಲ ಸಾಲಿನಲ್ಲಿ ಶುರುವಾದ ತಾಲೂಕುಗಳಲ್ಲಿ ಒಂದು. ಈ ಸಲ ಕಂಪ್ಯೂಟರ್ ತಾಲೂಕು ಕಚೇರಿಗೇ ಹೋಯಿತು. ಅದರ ಜೊತೆ ಕೆಲವು ನಿರ್ಧಾರಗಳೂ ಹೋದವು. ಅವುಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲನೆಯದು, ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಿದ ರೀತಿ. ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆದು ಆಯಾ ಗ್ರಾಮ ಲೆಕ್ಕಿಗರಿಗೇ ಕೊಟ್ಟರು. ಅವರು ತಮ್ಮ ಪುಸ್ತಕದ ಜೊತೆ ತಾಳೆ ನೋಡಿ, ತಿದ್ದಿ, ಸಹಿ ಹಾಕಬೇಕು. ಮೇಲಿನವರು ಮತ್ತೆ ಪರಿಶೀಲಿಸಬೇಕು. ಹೀಗೆ ಮಾಡಿದ್ದರಿಂದ ಮುಂದೆ ‘ಇದು ಕಂಪ್ಯೂಟರಿನವರ ತಪ್ಪು, ನನಗೆ ಗೊತ್ತಿಲ್ಲ’ ಎನ್ನುವ ಮಾತಿಗೆ ಜಾಗ ಕಡಿಮೆಯಾಯಿತು.

ಎರಡನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಒಂದು ತಾಲೂಕಿನ ದಾಖಲೆ ಪೂರ್ತಿ ಏರಿದ ಮೇಲೆ, ಅಲ್ಲಿ ಕೈಬರಹದ ಪಹಣಿಗೆ ಇನ್ನು ಮಾನ್ಯತೆ ಇಲ್ಲ ಎಂದು ಸರ್ಕಾರ ಅಧಿಸೂಚನೆ ಹೊರಡಿಸಿತು. ಆ ದಿನದಿಂದ ಗ್ರಾಮ ಲೆಕ್ಕಿಗರು ಪಹಣಿ ಬರೆದುಕೊಡುವಂತಿಲ್ಲ. ಬ್ಯಾಂಕು ಅದನ್ನು ತೆಗೆದುಕೊಳ್ಳುವಂತಿಲ್ಲ. ಹಿಂದಕ್ಕೆ ಹೋಗುವ ದಾರಿಯನ್ನೇ ಮುಚ್ಚಿದರು. ಎಷ್ಟೋ ಸರ್ಕಾರಿ ಯೋಜನೆಗಳಲ್ಲಿ ಹೊಸದು ಬರುತ್ತದೆ, ಹಳೆಯದೂ ಪಕ್ಕದಲ್ಲಿ ಉಳಿಯುತ್ತದೆ, ಜನ ಎರಡೂ ಕಡೆ ಓಡಾಡುತ್ತಾರೆ. ಇಲ್ಲಿ ಹಾಗಾಗಲು ಬಿಡಲಿಲ್ಲ.

ಮೂರನೆಯದು ಸರದಿ. ಮ್ಯುಟೇಶನ್ ಅರ್ಜಿ ಕೊಟ್ಟರೆ ಕಂಪ್ಯೂಟರ್ ಒಂದು ನಂಬರು ಕೊಡುತ್ತದೆ. ಮೊದಲು ಬಂದವರ ಕೆಲಸ ಮೊದಲು. ಮಧ್ಯದಲ್ಲಿ ಯಾರನ್ನೋ ಹಿಂದಕ್ಕೆ ಹಾಕಿ ಬೇಕಾದವರನ್ನು ಮುಂದೆ ತರಲು ಸಾಫ್ಟ್‌ವೇರ್ ಬಿಡುವುದಿಲ್ಲ. ಲಂಚ ಹೆಚ್ಚಾಗಿ ಹುಟ್ಟುವುದೇ ಸರದಿ ಮುರಿಯುವುದರಲ್ಲಿ, ಅಲ್ವಾ? ಕಾನೂನಿಗೆ ವಿರುದ್ಧವಾದ ಕೆಲಸಕ್ಕೆ ದುಡ್ಡು ಕೊಡುವವರು ಕಡಿಮೆ. ತನ್ನದೇ ನ್ಯಾಯವಾದ ಕೆಲಸ ಬೇಗ ಆಗಲಿ ಎಂದು ಕೊಡುವವರೇ ಜಾಸ್ತಿ.

ಬೆರಳಚ್ಚು ಇನ್ನೊಂದು. ದಾಖಲೆ ಬದಲಾಯಿಸುವ ಅಧಿಕಾರಿ ಪಾಸ್‌ವರ್ಡ್ ಹಾಕುವುದರ ಬದಲು ಬೆರಳಿಟ್ಟು ಒಳಗೆ ಹೋಗಬೇಕು. ಪಾಸ್‌ವರ್ಡ್ ಇನ್ನೊಬ್ಬರಿಗೆ ಹೇಳಿಬಿಡಬಹುದು, ಆಮೇಲೆ ‘ನಾನಲ್ಲ’ ಎನ್ನಬಹುದು. ಬೆರಳಿನ ವಿಷಯದಲ್ಲಿ ಹಾಗೆ ಹೇಳುವುದು ಕಷ್ಟ. 2000ದ ಸುಮಾರಿಗೆ ತಾಲೂಕು ಕಚೇರಿಯಲ್ಲಿ ಇದನ್ನು ತಂದರು ಎನ್ನುವುದು ಸಣ್ಣ ವಿಷಯವಲ್ಲ.

ಕೌಂಟರಿನಲ್ಲಿ ಜನರ ಕಡೆ ಮುಖ ಮಾಡಿದ ಎರಡನೇ ಪರದೆಯನ್ನೂ ಇಟ್ಟರು. ಆಪರೇಟರ್ ಏನು ಟೈಪ್ ಮಾಡುತ್ತಿದ್ದಾರೆ ಎಂದು ಎದುರಿಗೆ ನಿಂತವರು ನೋಡಬಹುದು, ಹೆಸರು ತಪ್ಪಿದ್ದರೆ ಅಲ್ಲೇ ಹೇಳಬಹುದು. ಪಹಣಿಗೆ ಆಗ 15 ರೂಪಾಯಿ. ಆ ಹಣದಿಂದಲೇ ಕೇಂದ್ರದ ಕಾಗದ, ಪ್ರಿಂಟರ್, ಜನರೇಟರ್ ಖರ್ಚು ನಡೆಯಬೇಕು. ಕೌಂಟರಿನಲ್ಲಿ ಕೂರಲು ಹೊಸದಾಗಿ ನೇಮಕವಾದ ಯುವ ಗ್ರಾಮ ಲೆಕ್ಕಿಗರನ್ನೇ ತರಬೇತಿ ಕೊಟ್ಟು ಹಾಕಿದರು. ಇದೂ ಯೋಚಿಸಿ ಮಾಡಿದ್ದು. ಪೂರ್ತಿ ಹೊರಗಿನವರಿಗೆ ಕೊಟ್ಟಿದ್ದರೆ ಇಲಾಖೆ ಅದನ್ನು ತನ್ನದು ಎಂದು ಒಪ್ಪಿಕೊಳ್ಳುತ್ತಿರಲಿಲ್ಲ. ಹಳೆಯ ಪುಸ್ತಕದ ಹಿಡಿತ ಇದ್ದವರಿಗೇ ಬಿಟ್ಟಿದ್ದರೆ ಏನೂ ಬದಲಾಗುತ್ತಿರಲಿಲ್ಲ.

ಮ್ಯುಟೇಶನ್ ದಾರಿ ಆಗ ಹೀಗಿತ್ತು. ಅರ್ಜಿ ಕೌಂಟರಿನಲ್ಲಿ ದಾಖಲಾಗುತ್ತದೆ. ಕಂಪ್ಯೂಟರ್ ನೋಟಿಸು ತೆಗೆಯುತ್ತದೆ. ಗ್ರಾಮ ಲೆಕ್ಕಿಗರು ಅದನ್ನು ಸಂಬಂಧಪಟ್ಟವರಿಗೆ ಮುಟ್ಟಿಸಿ ಊರಲ್ಲಿ ಅಂಟಿಸುತ್ತಾರೆ. 30 ದಿನ ಕಾಯಬೇಕು. ತಕರಾರು ಬರದಿದ್ದರೆ ರೆವಿನ್ಯೂ ಇನ್‌ಸ್ಪೆಕ್ಟರ್ ಆದೇಶ ಮಾಡುತ್ತಾರೆ. ಅದು ಕಂಪ್ಯೂಟರಿಗೆ ಬಂದು, ಅಧಿಕಾರಿಯ ಬೆರಳಚ್ಚಿನಿಂದ ಒಪ್ಪಿಗೆಯಾಗಿ, ಹೊಸ ಪಹಣಿ ಹುಟ್ಟುತ್ತದೆ. ತಕರಾರು ಬಂದರೆ ವಿಚಾರಣೆ. ಅಲ್ಲಿ ಒಪ್ಪದಿದ್ದರೆ ಎಸಿ ಬಳಿ ಮೇಲ್ಮನವಿ, ನಂತರ ಡಿಸಿ. ಕಾನೂನಿನ ಈ ಮೆಟ್ಟಿಲುಗಳು ಮೊದಲೂ ಇದ್ದವು. ಕಾಗದ ಎಲ್ಲಿ ಎಷ್ಟು ದಿನ ಕೂತಿದೆ ಎಂದು ಮೇಲಿನವರು ನೋಡಲು ಸಾಧ್ಯವಾದದ್ದು ಮಾತ್ರ ಹೊಸದು. ಈಗ ನೋಂದಣಿಯಾದ ಮಾರಾಟಗಳಿಗೆ ನೋಟಿಸಿನ ಅವಧಿಯನ್ನೂ ಕಡಿಮೆ ಮಾಡಿದ್ದಾರೆ.

ಫಲ ಎಷ್ಟು ಸಿಕ್ಕಿತು

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಭೂಮಿ ಕೇಂದ್ರಗಳಿಗೆ ಬಂದವರನ್ನು ಮಾತಾಡಿಸಿತು. ಹಳೆಯ ವ್ಯವಸ್ಥೆಯಲ್ಲಿ ಲಂಚ ಕೊಟ್ಟಿದ್ದೆವು ಎಂದವರು ಶೇ. 66. ಭೂಮಿ ಕೇಂದ್ರದಲ್ಲಿ ಕೊಟ್ಟೆವು ಎಂದವರು ಶೇ. 3. ಒಂದು ಸರ್ಕಾರಿ ಕೌಂಟರಿನಲ್ಲಿ ಇಂಥ ಇಳಿಕೆ ತೀರಾ ಅಪರೂಪ. ಹದಿನೈದು ರೂಪಾಯಿ ಕೊಟ್ಟು, ಯಾರಿಗೂ ಕೈ ಮುಗಿಯದೆ, ತನ್ನ ಜಮೀನಿನ ಕಾಗದ ಹಿಡಿದು ಹೊರಗೆ ಬರುವುದು ಒಬ್ಬ ಸಣ್ಣ ರೈತನಿಗೆ ಎಷ್ಟು ದೊಡ್ಡ ವಿಷಯ ಎನ್ನುವುದನ್ನು ಆ ಅಂಕಿಯಲ್ಲಿ ಹೇಳಲಾಗದು. ಈ ಕೆಲಸ ಮಾಡಿದವರ ಬಗ್ಗೆ ನನಗೆ ಮನಃಪೂರ್ವಕ ಗೌರವ ಇದೆ.

ಆದರೆ ಆ ಸಮೀಕ್ಷೆ ಅಳೆದದ್ದು ಮುಖ್ಯವಾಗಿ ಕೌಂಟರನ್ನು. ಕೌಂಟರಿನ ಹಿಂದೆ, ಮುಂದೆ ಇರುವ ಕಚೇರಿಗಳ ಕಥೆ ಬೇರೆ.

ಮೊದಲ ಕೊರತೆ ದೂರದ್ದು. ಹಳೆಯ ವ್ಯವಸ್ಥೆಯಲ್ಲಿ ಲಂಚ ಇತ್ತು ನಿಜ, ಆದರೆ ಗ್ರಾಮ ಲೆಕ್ಕಿಗರು ಊರಿಗೆ ಬರುತ್ತಿದ್ದರು. ಭೂಮಿ ಬಂದ ಮೇಲೆ ಪಹಣಿಗೆ ತಾಲೂಕಿಗೆ ಹೋಗಬೇಕಾಯಿತು. ಒಂದು ದಿನದ ಕೂಲಿ, ಬಸ್ ಚಾರ್ಜು, ಕರೆಂಟ್ ಹೋದರೆ ಮತ್ತೆ ನಾಳೆ. ಇದನ್ನು ಸರಿಪಡಿಸಲು 2006ರ ಸುಮಾರಿಗೆ ಹೋಬಳಿ ಮಟ್ಟದಲ್ಲಿ ಖಾಸಗಿ ಸಹಭಾಗಿತ್ವದ ‘ನೆಮ್ಮದಿ’ ಕೇಂದ್ರಗಳು ಬಂದವು. ನಂತರ ಸರ್ಕಾರವೇ ಅವುಗಳ ಬದಲು ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳನ್ನು ತೆರೆಯಿತು. ಈಗ ಮೊಬೈಲಿನಲ್ಲೇ ಪಹಣಿ ನೋಡಬಹುದು. ಈ ಕೊರತೆ ಬಹುಮಟ್ಟಿಗೆ ತೀರಿತು ಎನ್ನಬಹುದು.

ಎರಡನೆಯದು ತಪ್ಪುಗಳದ್ದು. ಹಳೆಯ ಪುಸ್ತಕದಲ್ಲಿದ್ದ ತಪ್ಪು ಹಾಗೆಯೇ ಕಂಪ್ಯೂಟರಿಗೆ ಬಂತು, ಹೊಸ ತಪ್ಪುಗಳೂ ಸೇರಿದವು. ರಾಮಯ್ಯ ರಾಮಪ್ಪ ಆದ. ಕಾಲಂ 3ರಲ್ಲಿ ಒಟ್ಟು ವಿಸ್ತೀರ್ಣ ಒಂದು, ಕಾಲಂ 9ರಲ್ಲಿ ಮಾಲೀಕರ ಹೆಸರಿನ ಮುಂದಿರುವ ವಿಸ್ತೀರ್ಣ ಕೂಡಿದರೆ ಇನ್ನೊಂದು. ‘3 ಮತ್ತು 9 ತಾಳೆ ಆಗುತ್ತಿಲ್ಲ’ ಎನ್ನುವುದು ತಾಲೂಕು ಕಚೇರಿಗಳಲ್ಲಿ ದಿನವೂ ಕೇಳುವ ಮಾತು. ಮೊದಲು ಗ್ರಾಮ ಲೆಕ್ಕಿಗರು ಪೆನ್ನಿನಲ್ಲಿ ತಿದ್ದುತ್ತಿದ್ದರು. ಅದು ಅಪಾಯದ್ದೇ. ಈಗ ಯಾರೂ ಸುಮ್ನೆ ತಿದ್ದುವಂತಿಲ್ಲ, ಮೇಲಧಿಕಾರಿಯ ಆದೇಶ ಬೇಕು. ಭದ್ರತೆ ಹೆಚ್ಚಾದಂತೆ ನಿಜವಾದ ತಪ್ಪು ತಿದ್ದಿಸುವುದೂ ಕಷ್ಟವಾಯಿತು. ಇದಕ್ಕೆಂದೇ ಸರ್ಕಾರ ಹೋಬಳಿಗಳಲ್ಲಿ ಕಂದಾಯ ಅದಾಲತ್ ನಡೆಸಿ, ತಹಶೀಲ್ದಾರರು ಸ್ಥಳದಲ್ಲೇ ತಿದ್ದುವ ವ್ಯವಸ್ಥೆ ಮಾಡಬೇಕಾಯಿತು.

ಮೂರನೆಯ ಟೀಕೆ ಹೆಚ್ಚು ಗಂಭೀರ. 2007ರಲ್ಲಿ ಸಂಶೋಧಕರ ಒಂದು ತಂಡ ಬೆಂಗಳೂರು ಸುತ್ತಮುತ್ತಲಿನ ಹಳ್ಳಿಗಳನ್ನು ಅಧ್ಯಯನ ಮಾಡಿ ಹೇಳಿದ್ದು ಹೀಗೆ: ದಾಖಲೆ ಒಂದೇ ಕಡೆ ಸೇರಿದ್ದರಿಂದ ಯಾವ ಜಮೀನು ಯಾರ ಹೆಸರಲ್ಲಿದೆ ಎಂದು ತಿಳಿಯುವುದು ದೊಡ್ಡ ಖರೀದಿದಾರರಿಗೆ ಸುಲಭವಾಯಿತು, ಭೂಮಿ ಕೈಬದಲಾಗುವ ವೇಗ ಹೆಚ್ಚಿತು, ಊರಿನವರು ತಮ್ಮತಮ್ಮಲ್ಲೇ ಮಾತಾಡಿ ಬಗೆಹರಿಸಿಕೊಳ್ಳುತ್ತಿದ್ದ ದಾರಿಗಳು ಮುಚ್ಚಿದವು, ಜಮೀನು ವ್ಯವಹಾರದಲ್ಲಿ ಲಂಚ ಕಡಿಮೆಯೂ ಆಗಲಿಲ್ಲ. ಇದನ್ನು ಪೂರ್ತಿ ಒಪ್ಪಲು ನನಗೆ ಮನಸ್ಸಿಲ್ಲ. ಹಳೆಯ ಊರ ದಾರಿಗಳು ಎಲ್ಲರಿಗೂ ಸಮನಾಗಿರಲಿಲ್ಲ. ದಲಿತರಿಗೆ, ಹೆಣ್ಣುಮಕ್ಕಳಿಗೆ ಅವು ತೆರೆದೇ ಇರಲಿಲ್ಲ ಎಂದರೂ ತಪ್ಪಿಲ್ಲ. ಆದರೆ ಅವರು ತೋರಿಸಿದ ಒಂದು ಸಂಗತಿ ಸತ್ಯ. ಪಾರದರ್ಶಕ ದಾಖಲೆ ಇದ್ದರೆ ಅದನ್ನು ಓದಿ ಬಳಸಿಕೊಳ್ಳುವ ಶಕ್ತಿ ಇರುವವರು ಮೊದಲು ಬಳಸಿಕೊಳ್ಳುತ್ತಾರೆ.

ಒಂದೇ ಜಮೀನು, ಹಲವು ಕಚೇರಿ

ಇನ್ನು ಬದಲಾಗದೆ ಉಳಿದ ಕಚೇರಿಗಳ ಕಡೆ ಬರೋಣ.

ಒಬ್ಬರು ಎರಡು ಎಕರೆಯಲ್ಲಿ ಒಂದು ಎಕರೆ ಮಾರುತ್ತಾರೆ ಎನ್ನಿ. ಎಲ್ಲಿ ಆ ಒಂದು ಎಕರೆ ಎಂದು ತೋರಿಸುವ ನಕ್ಷೆ ಮಾಡುವುದು ಭೂಮಾಪನ ಇಲಾಖೆ. ಜನ ಸರ್ವೆ ಇಲಾಖೆ ಎನ್ನುತ್ತಾರೆ. ಕ್ರಯಪತ್ರ ನೋಂದಣಿ ಮಾಡುವುದು ಸಬ್ ರಿಜಿಸ್ಟ್ರಾರ್, ಅಂದರೆ ನೋಂದಣಿ ಮತ್ತು ಮುದ್ರಾಂಕ ಇಲಾಖೆ. ಪಹಣಿ ಬದಲಾಯಿಸುವುದು ತಹಶೀಲ್ದಾರ್. ಕೊಂಡವರು ಮನೆ ಕಟ್ಟಬೇಕೆಂದರೆ ಕೃಷಿ ಜಮೀನಿನ ಭೂಪರಿವರ್ತನೆಗೆ ಡಿಸಿ. ಪರಿವರ್ತನೆಯಾದ ಮೇಲೆ ಗ್ರಾಮ ಪಂಚಾಯ್ತಿ, ಅದು ಗ್ರಾಮೀಣಾಭಿವೃದ್ಧಿ ಇಲಾಖೆ. ಅಲ್ಲಿ ಪಂಚಾಯ್ತಿಯ ಆಸ್ತಿ ದಾಖಲೆಗಳು: ಇ-ಸ್ವತ್ತು, ನಮೂನೆ 9, ನಮೂನೆ 11. ಮಣ್ಣು ಒಂದೇ. ಅದಕ್ಕೆ ಸರ್ಕಾರದ ಮುಖಗಳು ಇಷ್ಟೊಂದು.

ಮೊದಲೆಲ್ಲ ನೋಂದಣಿಯಾದ ವಿವರ ಜೆ ಸ್ಲಿಪ್ ಎಂಬ ಕಾಗದದಲ್ಲಿ ತಹಶೀಲ್ದಾರ್ ಕಚೇರಿಗೆ ಹೋಗುತ್ತಿತ್ತು. ಹೋಗದೆಯೂ ಇರುತ್ತಿತ್ತು. ಹೀಗಾಗಿ ಮಾರಿದವರ ಹೆಸರೇ ಪಹಣಿಯಲ್ಲಿ ಉಳಿದು, ಅದೇ ಜಮೀನನ್ನು ಎರಡನೇ ಸಲ ಮಾರಿದ ಪ್ರಕರಣಗಳೂ ನಡೆದವು. ನೋಂದಣಿ ಇಲಾಖೆಯ ‘ಕಾವೇರಿ’ ಮತ್ತು ಕಂದಾಯ ಇಲಾಖೆಯ ‘ಭೂಮಿ’ ಜೋಡಣೆಯಾದ ಮೇಲೆ ಇದು ತುಂಬಾ ಸುಧಾರಿಸಿತು. ನೋಂದಣಿಯಾದ ಕೂಡಲೇ ಮ್ಯುಟೇಶನ್ ತಾನಾಗಿ ಶುರುವಾಗುತ್ತದೆ. ರೈತರು ಬೇರೆ ಅರ್ಜಿ ಹಿಡಿದು ಹೋಗಬೇಕಿಲ್ಲ. ಎರಡು ಇಲಾಖೆಗಳ ನಡುವೆ ಕಾಗದ ಹೊರುವ ಕೆಲಸವನ್ನು ಜನರ ತಲೆಯಿಂದ ಇಳಿಸಿದ್ದು ಭೂಮಿಯ ನಂತರದ ದೊಡ್ಡ ಹೆಜ್ಜೆ.

ಸರ್ವೆ ವಿಷಯದಲ್ಲಿ ಅಷ್ಟು ಸಲೀಸಾಗಲಿಲ್ಲ. ಜಮೀನಿನ ಭಾಗ ಮಾರಲು 11ಇ ನಕ್ಷೆ ಕಡ್ಡಾಯ ಮಾಡಿದರು. ಅರ್ಜಿಗೆ ‘ಮೋಜಿಣಿ’ ಎಂಬ ತಂತ್ರಾಂಶ ಬಂತು. ಖಾಸಗಿ ಪರವಾನಗಿ ಪಡೆದ ಭೂಮಾಪಕರೂ ಬಂದರು. ನಿರ್ಧಾರ ಒಳ್ಳೆಯದೇ. ನಕ್ಷೆ ಇಲ್ಲದೆ ಮಾರಿದರೆ ಮುಂದೆ ಬದು ಜಗಳ ಗ್ಯಾರಂಟಿ. ಆದರೆ ಸರಪಳಿ ಹಿಡಿದು ಹೊಲದಲ್ಲಿ ನಡೆಯುವ ಕೆಲಸವನ್ನು ಸಾಫ್ಟ್‌ವೇರ್ ಮಾಡುವುದಿಲ್ಲ. ಹಳೆಯ ಟಿಪ್ಪಣಿ, ಅಂದರೆ ಅಳತೆಯ ಮೂಲ ನಕ್ಷೆ, ಹರಿದಿರುತ್ತದೆ. ಸರ್ವೆ ಇಲಾಖೆಯ ವಿಸ್ತೀರ್ಣದ ಪುಸ್ತಕವಾದ ಆಕಾರ್‌ಬಂದ್‌ನಲ್ಲಿ ಒಂದು ವಿಸ್ತೀರ್ಣ, ಪಹಣಿಯಲ್ಲಿ ಇನ್ನೊಂದು, ಹೊಲದಲ್ಲಿ ಅಳೆದರೆ ಮೂರನೆಯದು. ಅಜ್ಜನ ಕಾಲದಲ್ಲಿ ಬಾಯಿಮಾತಿನಲ್ಲಿ ಪಾಲಾದ ಜಮೀನಿಗೆ ಪೋಡಿಯೇ, ಅಂದರೆ ಪಾಲುಗಳನ್ನು ಅಳೆದು ಬೇರೆ ಮಾಡುವ ಕೆಲಸವೇ, ಆಗಿರುವುದಿಲ್ಲ. ಒಂದೇ ಸರ್ವೆ ನಂಬರಿನ ಪಹಣಿಯಲ್ಲಿ ಹತ್ತು ಹದಿನೈದು ಹೆಸರು. ಒಬ್ಬರಿಗೆ ಸಾಲ ಬೇಕಾದರೆ ಉಳಿದವರ ಸಹಿಗೆ ಓಡಾಟ.

ಹದ್ದುಬಸ್ತಿಗೆ (ಗಡಿ ಗುರುತಿಸಲು), ಪೋಡಿಗೆ ಅರ್ಜಿ ಹಾಕಿ ಕಾಯುವವರ ಸಾಲು ಇವತ್ತಿಗೂ ಉದ್ದವಾಗಿದೆ. ಪಹಣಿಯ ಕೌಂಟರಿನಲ್ಲಿ ನಿಂತುಹೋದ ಕೈಖರ್ಚು ಇಲ್ಲಿ ಬೇರೆ ರೂಪದಲ್ಲಿ ಮುಂದುವರಿದಿದೆ ಎಂದು ರೈತ ಸಂಘಟನೆಗಳು ಹೇಳುತ್ತಲೇ ಇವೆ. 2012ರಲ್ಲಿ ಜಾರಿಗೆ ಬಂದ ‘ಸಕಾಲ’ ಕಾಯ್ದೆ ಎಷ್ಟೋ ಸರ್ಕಾರಿ ಸೇವೆಗಳಿಗೆ ದಿನಗಳ ಗಡುವು ಹಾಕಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ. ಗಡುವು ಹಾಕಿದ್ದು ಸರಿ. ಆದರೆ ಸರ್ವೆಯರ್‌ಗಳೇ ಸಾಲದಿದ್ದರೆ ಗಡುವು ಏನು ಮಾಡೀತು? ಅರ್ಜಿಯಲ್ಲಿ ಸಣ್ಣ ಕೊರತೆ ಹುಡುಕಿ ತಿರಸ್ಕರಿಸಿ, ಕಡತ ಗಡುವಿನೊಳಗೆ ವಿಲೇವಾರಿ ಆಯಿತು ಎಂದು ತೋರಿಸುವ ದಾರಿ ಅಲ್ಲಿ ತೆರೆದೇ ಇದೆ.

ಸತ್ತವರ ಹೆಸರಿನ ಪಹಣಿ

ಕಡೆಯದಾಗಿ ಪೌತಿ ಖಾತೆ. ನನಗೆ ಈ ಪ್ರಕರಣದಲ್ಲಿ ಅತಿ ಹೆಚ್ಚು ಕಾಡುವುದು ಇದೇ.

ಮಾಲೀಕರು ತೀರಿಕೊಂಡರೆ ವಾರಸುದಾರರ ಹೆಸರಿಗೆ ಪಹಣಿ ಬದಲಾಗಬೇಕು. ರಾಜ್ಯದಲ್ಲಿ ಲಕ್ಷಾಂತರ ಪಹಣಿಗಳು ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇವೆ. ಕೆಲವು ಕಡೆ ಅಪ್ಪನ ಹೆಸರಲ್ಲ, ಅಜ್ಜನ, ಮುತ್ತಜ್ಜನ ಹೆಸರು. ಅಂಥ ಜಮೀನು ಉಳುವವರಿಗೆ ಬ್ಯಾಂಕ್ ಸಾಲ ಕಷ್ಟ. 2019ರಲ್ಲಿ ಶುರುವಾದ ಪಿಎಂ ಕಿಸಾನ್ ಹಣಕ್ಕೂ ಪಹಣಿಯಲ್ಲಿ ಹೆಸರು ಬೇಕು. ಬರ ಪರಿಹಾರ ಸತ್ತವರ ಖಾತೆಗೆ ಹೋಗಲಾರದು. ಉಳುವವರು ಅವರೇ, ಸರ್ಕಾರದ ಲೆಕ್ಕದಲ್ಲಿ ರೈತರು ಮಾತ್ರ ಅಲ್ಲ.

ಯಾಕೆ ಹೀಗೆ? ಭೂಕಂದಾಯ ಕಾಯ್ದೆಯ 128ನೇ ಕಲಂ ಪ್ರಕಾರ ಹಕ್ಕು ಪಡೆದವರು ಮೂರು ತಿಂಗಳೊಳಗೆ ತಾವೇ ಬಂದು ತಿಳಿಸಬೇಕು. ಮಾರಾಟವಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಮಾಹಿತಿ ಹೋಗುತ್ತದೆ. ಸಾವಿನ ಸುದ್ದಿಯನ್ನು ಹಾಗೆ ಕಳಿಸುವ ಕಚೇರಿ ಇಲ್ಲ. ಮನೆಯವರೇ ಮರಣ ಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ ಹೊಂದಿಸಿಕೊಂಡು ಹೋಗಬೇಕು. ಒಬ್ಬರು ಊರು ಬಿಟ್ಟಿರುತ್ತಾರೆ, ಇನ್ನೊಬ್ಬರು ಮುನಿಸಿಕೊಂಡಿರುತ್ತಾರೆ.

ಇದಕ್ಕಿಂತ ಒಳಗಿನ ಕಾರಣವೂ ಇದೆ. ಕರ್ನಾಟಕ 1994ರಲ್ಲೇ ಹಿಂದೂ ಕುಟುಂಬದಲ್ಲಿ ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಟ್ಟಿತು. 2005ರಲ್ಲಿ ಮದುವೆಯಾದವರನ್ನೂ ಸೇರಿಸಿ ದೇಶಕ್ಕೆಲ್ಲ ಅಂಥ ಕಾನೂನು ಬಂತು. ಪೌತಿ ಖಾತೆ ಮಾಡಿಸಲು ಹೊರಟರೆ ಅಕ್ಕತಂಗಿಯರ ಹೆಸರೂ ವಂಶವೃಕ್ಷದಲ್ಲಿ ಬರಬೇಕು, ಪಹಣಿಯಲ್ಲೂ ಬರಬೇಕು. ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ಅದಕ್ಕೇ ಹಿಂಜರಿದು, ಅಪ್ಪನ ಹೆಸರಲ್ಲೇ ಇರಲಿ ಬಿಡಿ ಎನ್ನುತ್ತಾರೆ. ಅರ್ಜಿ ಬಂದರೆ ಮಾತ್ರ ಕೆಲಸ ಮಾಡುತ್ತೇನೆ ಎಂದು ಕಚೇರಿ ಕೂತರೆ, ಅರ್ಜಿ ಹಾಕುವ ಶಕ್ತಿ ಇಲ್ಲದ ಮಗಳ ಪಾಲು ಕಾನೂನಿನಲ್ಲಿ ಮಾತ್ರ ಉಳಿಯುತ್ತದೆ.

ಇದರಲ್ಲಿ ನೋಡಬೇಕಾದ ಇನ್ನೊಂದು ಸಂಗತಿ ಇದೆ. ಹಳ್ಳಿಗಳಲ್ಲಿ ಜನನ ಮರಣ ನೋಂದಣಿ ಮಾಡುವ ಅಧಿಕಾರ ನಮ್ಮ ರಾಜ್ಯದಲ್ಲಿ ಬಹಳ ಕಾಲ ಗ್ರಾಮ ಲೆಕ್ಕಿಗರಿಗೇ ಇತ್ತು. ಅಂದರೆ ಒಬ್ಬ ರೈತ ತೀರಿಕೊಂಡ ವಿಷಯವನ್ನು ಸರ್ಕಾರದ ಪುಸ್ತಕದಲ್ಲಿ ಬರೆದವರೂ, ಆ ರೈತನ ಜಮೀನಿನ ಮ್ಯುಟೇಶನ್ ನೋಟಿಸು ಮುಟ್ಟಿಸಬೇಕಾದವರೂ ಒಬ್ಬರೇ. ಆದರೂ ಮರಣದ ಪುಸ್ತಕದಿಂದ ಪಹಣಿಯ ಕಾಲಂ 9ಕ್ಕೆ ಆ ಸುದ್ದಿ ದಾಟಲಿಲ್ಲ. ಯಾಕೆಂದರೆ ಅದನ್ನು ತಾನಾಗಿ ದಾಟಿಸುವ ವ್ಯವಸ್ಥೆ ಇರಲಿಲ್ಲ. ಕಾವೇರಿ ಮತ್ತು ಭೂಮಿಯ ಜೋಡಣೆ ಮಾರಾಟದ ವಿಷಯದಲ್ಲಿ ಏನು ಮಾಡಿತೋ, ಮರಣ ನೋಂದಣಿ ಮತ್ತು ಭೂಮಿಯ ಜೋಡಣೆ ಸಾವಿನ ವಿಷಯದಲ್ಲಿ ಅದನ್ನೇ ಮಾಡಬೇಕು.

ಸರ್ಕಾರ ಈಚಿನ ವರ್ಷಗಳಲ್ಲಿ ಪೌತಿ ಖಾತೆ ಆಂದೋಲನ ಎಂದು ಮನೆ ಬಾಗಿಲಿಗೆ ಹೋಗಲು ಶುರು ಮಾಡಿದೆ. ಪಹಣಿಗೆ ಆಧಾರ್ ಜೋಡಿಸುವಾಗ ತೀರಿಕೊಂಡ ಮಾಲೀಕರ ಪಟ್ಟಿಯೂ ಸಿಗುತ್ತಿದೆ. ಇದು ಸರಿಯಾದ ದಿಕ್ಕು. ಆದರೆ ಆಂದೋಲನ ಒಂದು ವರ್ಷ ನಡೆದು ನಿಲ್ಲುತ್ತದೆ, ಸಾವು ಪ್ರತಿದಿನ ಬರುತ್ತದೆ. ಮರಣ ನೋಂದಣಿಯಾದ ಕೂಡಲೇ ಆ ಹೆಸರಿನ ಪಹಣಿ ಇದೆಯೇ ಎಂದು ಕಂಪ್ಯೂಟರ್ ನೋಡಬೇಕು. ಇದ್ದರೆ ಮ್ಯುಟೇಶನ್ ನಂಬರು ಹುಟ್ಟಬೇಕು. ನೋಟಿಸು ಗಂಡುಮಕ್ಕಳಿಗೆ ಹೋದಂತೆ, ಮದುವೆಯಾಗಿ ಬೇರೆ ತಾಲೂಕಿನಲ್ಲಿರುವ ಹೆಣ್ಣುಮಕ್ಕಳಿಗೂ ಹೋಗಬೇಕು. ಅರ್ಜಿ ಹಾಕಿಲ್ಲ ಎಂಬ ಕಾರಣಕ್ಕೆ ಕಡತ ನಿಲ್ಲಬಾರದು. ಈ ಕೆಲಸ ತಹಶೀಲ್ದಾರರ ಹೆಸರಿನಲ್ಲಿ, ದಿನಾಂಕ ಸಮೇತ, ಡಿಸಿ ನೋಡುವ ಪಟ್ಟಿಯಲ್ಲಿ ಬಾಕಿ ಎಂದು ಕಾಣಬೇಕು. 2002ರಲ್ಲಿ ಕೈಬರಹದ ಪಹಣಿ ನಿಲ್ಲಿಸಿದ ಇಲಾಖೆಗೆ ಇದು ಆಗದ ಕೆಲಸವಲ್ಲ.